ಸತ್ತವನ ಕೈಗೆ ಶಾಪದ ಕತ್ತಿ

ಕತ್ತಿಗೊಂದು ಶಾಪವಿದೆ ಎಂದಿಟ್ಟುಕೊಳ್ಳಿ. ಹಿಡಿದವನ ತಲೆಗೆ ಅದು ರೋಷ ಏರಿಸುತ್ತದೆ, ಅವನ ಆಯುಸ್ಸನ್ನು ಹೀರುತ್ತದೆ, ಕೆಳಗಿಡಲು ಬಿಡುವುದಿಲ್ಲ. ಈಗ ಆ ಕತ್ತಿಯನ್ನು ಎತ್ತಿಕೊಂಡವನು ಸತ್ತು ಮುನ್ನೂರು ವರ್ಷ ಕಳೆದ ಒಬ್ಬ ಪಿಶಾಚಿ. ರೋಷ ಏರಲು ಅವನಲ್ಲಿ ಬಿಸಿರಕ್ತವಿಲ್ಲ, ಹೀರಲು ಆಯುಸ್ಸೂ ಉಳಿದಿಲ್ಲ. ಶಾಪ ಅವನಿಗೆ ತಟ್ಟುತ್ತದೆಯೋ ಇಲ್ಲವೋ?

ಡಂಜನ್ಸ್ ಅಂಡ್ ಡ್ರಾಗನ್ಸ್ ಮೊದಲಾದ ಆಟಗಳನ್ನು ಆಡುವವರು ಈ ಪ್ರಶ್ನೆಯ ಮೇಲೆ ರಾತ್ರಿಯಿಡೀ ಜಗಳವಾಡಬಲ್ಲರು. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ಆಟ ಅದು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ತಲಾ ಒಂದು ಪಾತ್ರ ವಹಿಸಿ ಮಾತಾಡುತ್ತಾರೆ, ಸಂಶಯ ಬಂದಲ್ಲಿ ದಾಳ ಉರುಳಿಸುತ್ತಾರೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಡ. ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿಟ್ಟ ಮೇಲೆ, ಹೊರಗೆ ಮಳೆ ಸುರಿಯುತ್ತಿರುವಾಗ ಜಗಲಿಯಲ್ಲಿ ಕೂತು ನಡೆಸುವ ತಾಳಮದ್ದಲೆಯನ್ನು ನೋಡಿದವನಿಗೆ ಈ ಆಟದ ಮುಕ್ಕಾಲು ಭಾಗ ಗೊತ್ತಿದ್ದಂತೆಯೇ. ವೇಷವಿಲ್ಲ, ಕುಣಿತವಿಲ್ಲ. ಕಥೆಯ ಚೌಕಟ್ಟು ಭಾಗವತರ ಕೈಯಲ್ಲಿ, ಮಾತು ಅರ್ಥಧಾರಿಯದು. ದಾಳದ ಕೆಲಸವನ್ನು ಇಲ್ಲಿ ಎದುರಾಳಿಯ ಪ್ರತ್ಯುತ್ಪನ್ನಮತಿ ಮಾಡುತ್ತದೆ.

ಸತ್ತೂ ಸಾಯದವರ ಮೇಲೆ ಶಾಪದ ಆಯುಧ ಹೇಗೆ ಕೆಲಸ ಮಾಡಬೇಕು ಎಂಬ ಪ್ರಶ್ನೆಗೆ ಎರಡೂ ಕಡೆಯ ಉತ್ತರಗಳನ್ನು ಒಟ್ಟಿಗೆ ಇಟ್ಟು ನೋಡಬೇಕೆನಿಸಿತು. ಒಂದು ಕಡೆ ಐವತ್ತು ವರ್ಷಗಳಲ್ಲಿ ಬೆಳೆದ ನಿಯಮಪುಸ್ತಕಗಳಿವೆ, ಇನ್ನೊಂದು ಕಡೆ ತುಂಗಾ ಭದ್ರೆಯರ ನಡುವಿನ ನೆಲದಲ್ಲಿ ಜನ ಕೇಳುತ್ತ, ನಡೆದುಕೊಳ್ಳುತ್ತ ಬಂದ ಕಥೆಗಳೂ ಕಟ್ಟುಪಾಡುಗಳೂ ಇವೆ.

ಮೊದಲು ಪುಸ್ತಕಗಳನ್ನು ನೋಡೋಣ. ಸತ್ತೂ ಸಾಯದವರ ಲಕ್ಷಣಗಳನ್ನು ಅತ್ಯಂತ ಕಟ್ಟುನಿಟ್ಟಾಗಿ ಪಟ್ಟಿ ಮಾಡಿದ್ದು 2000ದ ಮೂರನೇ ಆವೃತ್ತಿ ಮತ್ತು 2003ರ ಅದರ ಪರಿಷ್ಕೃತ ರೂಪ. ಅದರ ಪ್ರಕಾರ ಇವರಿಗೆ ದೇಹದಾರ್ಢ್ಯದ ಅಂಕವೇ ಇಲ್ಲ. ವಿಷ, ರೋಗ, ನಿದ್ರೆ, ಲಕ್ವ ಇವ್ಯಾವುವೂ ತಟ್ಟವು. ಮನಸ್ಸನ್ನು ಕೆಣಕುವ ಮಂತ್ರಗಳು ನಾಟವು. ಮರ್ಮಸ್ಥಾನಕ್ಕೆ ಹೊಡೆದರೂ ವಿಶೇಷ ಪೆಟ್ಟಾಗದು, ಏಕೆಂದರೆ ಮರ್ಮವೇ ಇಲ್ಲ. ಪ್ರಾಣಶಕ್ತಿ ಹೀರುವ ಮಾಟ ಕೂಡ ಸೋಲುತ್ತದೆ. ಬದುಕಿದವರನ್ನು ಕೊಲ್ಲುವ ಕರಾಳ ಶಕ್ತಿ ಇವರ ಗಾಯಕ್ಕೆ ಮದ್ದು, ಬದುಕಿದವರ ಗಾಯ ಮಾಯಿಸುವ ಮಂತ್ರ ಇವರಿಗೆ ಬೆಂಕಿ. ಪಟ್ಟಿ ಚೆನ್ನಾಗಿದೆ, ತರ್ಕಬದ್ಧವಾಗಿದೆ. ಆದರೆ ಅದರಲ್ಲಿ ಎಲ್ಲೂ ‘ಶಾಪ ತಟ್ಟದು’ ಎಂಬ ಮಾತಿಲ್ಲ. ಜಗಳ ಹುಟ್ಟುವುದು ಅಲ್ಲಿಯೇ.

ಅದೇ ಪುಸ್ತಕದಲ್ಲಿ ಹಿಡಿದವನಿಗೆ ಹುಚ್ಚುರೋಷ ಹಿಡಿಸುವ ಖಡ್ಗವೊಂದಿದೆ. ಹೊಡೆದಾಟಕ್ಕಿಳಿದ ಮೇಲೆ ಅವನಿಗೆ ಶತ್ರು, ಮಿತ್ರ ಎಂಬ ಭೇದ ಉಳಿಯುವುದಿಲ್ಲ. ಇದು ಮನಸ್ಸಿನ ಮೇಲಿನ ಪ್ರಭಾವವೇ ಆಗಿದ್ದರೆ ಪಿಶಾಚಿ ಪಾರು. ಪುಸ್ತಕ ಮಾತ್ರ ಹಾಗೆಂದು ಮುದ್ರೆ ಒತ್ತಿಲ್ಲ. ಅಕ್ಷರ ಹಿಡಿದವರು ‘ಬರೆದಿಲ್ಲ, ಆದ್ದರಿಂದ ತಟ್ಟುತ್ತದೆ’ ಎನ್ನುತ್ತಾರೆ. ಅರ್ಥ ಹಿಡಿದವರು ‘ರೋಷ ಮನಸ್ಸಿನದಲ್ಲದೆ ಮತ್ತೇನು?’ ಎಂದು ಕೇಳುತ್ತಾರೆ. ನನಗೆ ಎರಡನೆಯವರ ಮಾತು ಸರಿ ಕಾಣುತ್ತದೆ.

ಇದಕ್ಕಿಂತ ಬಿಗಿಯಾದ ಗಂಟು ಪವಿತ್ರ ಖಡ್ಗದ್ದು. ಪುಣ್ಯಾತ್ಮರಿಗೆ ವರವಾದ ಆಯುಧ ದುಷ್ಟನ ಕೈಗೆ ಬಂದರೆ ಅವನ ಶಕ್ತಿಯ ಒಂದು ಮೆಟ್ಟಿಲು ಕುಸಿಯುತ್ತದೆ. ಖಡ್ಗ ಕೈಯಲ್ಲಿರುವಷ್ಟು ಹೊತ್ತು ಈ ಕುಸಿತವನ್ನು ಯಾವ ಉಪಾಯದಿಂದಲೂ ತಪ್ಪಿಸಲಾಗದು ಎಂದು ನಿಯಮ ಖಡಾಖಂಡಿತ ಹೇಳುತ್ತದೆ. ಪ್ರಾಣಶಕ್ತಿಯ ಹರಣ ಸತ್ತವರಿಗೆ ತಟ್ಟದು ಎಂದು ಇನ್ನೊಂದು ನಿಯಮ ಅಷ್ಟೇ ಖಡಾಖಂಡಿತ ಹೇಳುತ್ತದೆ. ರಕ್ತ ಕುಡಿಯುವ ಪಿಶಾಚಿಯೊಬ್ಬ ಪವಿತ್ರ ಖಡ್ಗ ಹಿಡಿದು ನಿಂತಾಗ ಎರಡು ವಾಕ್ಯಗಳು ಮುಖಾಮುಖಿಯಾಗುತ್ತವೆ. ಲಕ್ಷಣದ ಪಟ್ಟಿಯನ್ನು ಮೇಲೆ ಇಟ್ಟರೆ ಪವಿತ್ರತೆಗೇ ಅರ್ಥವಿಲ್ಲ. ಸಾಮಾನ್ಯ ಕಳ್ಳನೊಬ್ಬನಿಗೆ ಸುಡುವ ಖಡ್ಗ ಪಾಪದ ಮೂರ್ತಿಯೇ ಆದವನ ಕೈಯಲ್ಲಿ ತಣ್ಣಗೆ ಕೂರುವುದೆಂದರೆ ಕಥೆಗೆ ಅವಮಾನ. ‘ಯಾವ ಉಪಾಯದಿಂದಲೂ’ ಎಂಬುದಕ್ಕೆ ತೂಕ ಕೊಡಬೇಕು ಎಂಬುದು ನನ್ನ ಪಕ್ಷ.

2014ರ ಐದನೇ ಆವೃತ್ತಿ ಈ ತಲೆನೋವನ್ನು ಅರ್ಧ ಇಳಿಸಿತು. ಸತ್ತವರೆಂಬ ಜಾತಿಗೆಲ್ಲ ಒಂದೇ ಪಟ್ಟಿ ಎಂಬುದನ್ನು ಬಿಟ್ಟು, ಅಸ್ಥಿಪಂಜರಕ್ಕೆ ಏನು ತಟ್ಟದು, ಪ್ರೇತಕ್ಕೆ ಏನು ತಟ್ಟದು ಎಂದು ಆಯಾ ಪ್ರಾಣಿಯ ಹೆಸರಿನಡಿಯೇ ಬರೆಯಿತು. ಆದರೆ ಹೊಸ ಗಂಟೊಂದನ್ನೂ ಹಾಕಿತು. ಮಾಯಾ ಆಯುಧವನ್ನು ಪೂರ್ತಿ ಬಳಸಬೇಕಾದರೆ ಅದರೊಂದಿಗೆ ನಂಟು ಬೆಳೆಸಿಕೊಳ್ಳಬೇಕು, ಶಾಪ ಮೈಗೇರುವುದೂ ಸಾಮಾನ್ಯವಾಗಿ ಆ ನಂಟಿನ ಮೂಲಕವೇ. ಶಾಪಗ್ರಸ್ತ ಆಯುಧದ ನಂಟನ್ನು ತಾನಾಗಿ ಬಿಡಿಸಿಕೊಳ್ಳಲಾಗದು. ಆದರೆ ನಂಟು ಮುರಿಯುವ ಕಾರಣಗಳ ಸಾಲಿನಲ್ಲಿ ಸಾವೂ ಇದೆ. ಶಾಪದ ಕೊಡಲಿ ಹಿಡಿದ ವೀರನೊಬ್ಬ ಸತ್ತು, ಮರುರಾತ್ರಿ ಪಿಶಾಚಿಯಾಗಿ ಎದ್ದು ಕೂತರೆ, ಅಕ್ಷರಶಃ ಓದಿದಾಗ ಅವನು ಋಣಮುಕ್ತ! ಕೊಡಲಿಯನ್ನು ಪಕ್ಕಕ್ಕಿಟ್ಟು ಹೊರಟುಹೋಗಬಹುದು. ಸತ್ತರೆ ಸಾಲ ತೀರಿತು ಎಂಬ ಈ ಕಲ್ಪನೆ ನಮ್ಮ ಕಡೆಯ ಯಾವ ಅಜ್ಜಿಯನ್ನು ಕೇಳಿದರೂ ನಿಲ್ಲದು.

ಪುಸ್ತಕಗಳಲ್ಲಿರುವ ಒಳ್ಳೆಯ ಉತ್ತರಗಳನ್ನೂ ಹೇಳಬೇಕು. 1979ರಲ್ಲಿ ಲಾರೆನ್ಸ್ ಶಿಕ್ ಬರೆದ ‘ವೈಟ್ ಪ್ಲೂಮ್ ಮೌಂಟನ್’ ಎಂಬ ಸಾಹಸಕಥೆಯಲ್ಲಿ ಬ್ಲ್ಯಾಕ್‌ರೇಜರ್ ಎಂಬ ಕರಿಖಡ್ಗ ಬರುತ್ತದೆ. ಕೊಂದವರ ಆತ್ಮವನ್ನೇ ನುಂಗುವ, ಸ್ವಂತ ಬುದ್ಧಿಯಿರುವ ಕತ್ತಿ. ಇದರ ಮೂಲ ಮೈಕೆಲ್ ಮೂರ್ಕಾಕ್ 1961ರಿಂದ ಬರೆದ ಎಲ್ರಿಕ್ ಕಥೆಗಳ ಸ್ಟಾರ್ಮ್‌ಬ್ರಿಂಗರ್. ಬ್ಲ್ಯಾಕ್‌ರೇಜರ್‌ನಿಂದ ಸತ್ತೂ ಸಾಯದವನನ್ನು ಹೊಡೆದರೆ ಹೀರುವ ದಾರಿ ತಿರುಗಿಬೀಳುತ್ತದೆ. ಪೆಟ್ಟು ತಿಂದವನು ಚೇತರಿಸಿಕೊಳ್ಳುತ್ತಾನೆ, ಹೊಡೆದವನ ಪ್ರಾಣ ಸೋರುತ್ತದೆ. ಐದನೇ ಆವೃತ್ತಿಯಲ್ಲಂತೂ ಹಾಗೆ ಸೋರಿ ಸೋರಿ ನೆಲಕ್ಕುರುಳಿದ ಒಡೆಯನ ಆತ್ಮವನ್ನು ಕತ್ತಿಯೇ ತಿಂದುಬಿಡುತ್ತದೆ. ‘ತಟ್ಟದು’ ಎಂದು ಕೈತೊಳೆದುಕೊಳ್ಳದೆ ‘ತಟ್ಟಿದರೆ ಏನಾಗುತ್ತದೆ’ ಎಂದು ಯೋಚಿಸಿದ ನಿಯಮವಿದು.

ಸೇಡಿನ ಖಡ್ಗ ಎಂಬ ಇನ್ನೊಂದಿದೆ. ಅದರೊಳಗೆ ಸೇಡು ತೀರದ ಆತ್ಮವೊಂದು ಕೂತಿದೆ. ಶಾಪವೆಂದರೆ ಆ ಆತ್ಮವೇ. ಉಚ್ಚಾಟನೆಯ ಮಂತ್ರ ಹಾಕಿದರೆ ಅದು ಹೊರಟುಹೋಗಿ ಕತ್ತಿ ಬರೀ ಒಳ್ಳೆಯ ಕತ್ತಿಯಾಗಿ ಉಳಿಯುತ್ತದೆ. ನಿಯಮಪುಸ್ತಕ ನಮ್ಮೂರಿಗೆ ಅತಿ ಹತ್ತಿರ ಬಂದಿರುವ ಜಾಗ ಇದು ಎನ್ನಬೇಕು.

ಈ ಕಲ್ಪನೆಗಳ ಹಳೆಯ ಬೇರು ಐಸ್‌ಲ್ಯಾಂಡಿನ ಹೆರ್ವೋರಳ ಕಥೆಯಲ್ಲಿದೆ. ಟಿರ್ಫಿಂಗ್ ಎಂಬ ಕತ್ತಿಯನ್ನು ಒರೆಯಿಂದ ಎಳೆದಾಗಲೆಲ್ಲ ಒಂದು ಹೆಣ ಬೀಳಲೇಬೇಕು. ಅದನ್ನು ತನ್ನ ಜತೆ ಹೂಳಿಸಿಕೊಂಡು ಆಂಗನ್‌ಟಿರ್ ದಿಬ್ಬದೊಳಗೆ ಮಲಗಿದ್ದಾನೆ. ಮಗಳು ಹೆರ್ವೋರ್ ಗೋರಿಯ ಮುಂದೆ ನಿಂತು ಸತ್ತ ಅಪ್ಪನನ್ನು ಎಬ್ಬಿಸಿ ಕತ್ತಿ ಕೊಡು ಎಂದು ಹಟ ಹಿಡಿಯುತ್ತಾಳೆ. ಇದು ನಿನ್ನ ವಂಶವನ್ನೇ ತಿನ್ನುತ್ತದೆ ಎಂದು ಪ್ರೇತ ಎಚ್ಚರಿಸುತ್ತದೆ. ಸತ್ತವನ ಮಗ್ಗುಲಲ್ಲಿ ಕತ್ತಿ ಸುಮ್ಮನಿತ್ತು. ಶಾಪ ಕಾಯುತ್ತಿದ್ದದ್ದು ಬದುಕಿದವರ ಕೈಗಾಗಿ. ಉತ್ತರ ಯುರೋಪಿನ ಉತ್ತರ ಹೀಗೆ: ಸತ್ತವನು ಕತ್ತಿಯ ಕಾವಲುಗಾರ ಮಾತ್ರ.

ಇನ್ನು ನಮ್ಮ ಕಡೆಗೆ ಬರೋಣ. ‘ಇದು ತಟ್ಟದು, ಅದು ತಟ್ಟದು’ ಎಂಬ ಪಟ್ಟಿ ಮಾಡುವ ಚಟ ಅಮೆರಿಕದವರಿಗೆ ಮಾತ್ರ ಬಂದದ್ದಲ್ಲ. ಹಿರಣ್ಯಕಶಿಪು ಬೇಡಿದ ವರ ಅಂಥದೇ ಪಟ್ಟಿ. ಹಗಲಲ್ಲ ಇರುಳಲ್ಲ, ಒಳಗಲ್ಲ ಹೊರಗಲ್ಲ, ನರನಿಂದಲ್ಲ ಮೃಗದಿಂದಲ್ಲ, ಆಯುಧದಿಂದಲೂ ಅಲ್ಲ. ಕಂಬದಿಂದ ಬಂದ ನರಸಿಂಹ ಒಂದು ನಿಯಮವನ್ನೂ ಮುರಿಯಲಿಲ್ಲ, ನಿಯಮಗಳ ಸಂದಿಯಲ್ಲಿ ಹೊಕ್ಕ.  

ಮೈರಾವಣ ಕಾಳಗದಲ್ಲಿ ಖಳನ ಪ್ರಾಣ ಅವನ ಮೈಯಲ್ಲೇ ಇಲ್ಲ. ಒಂದು ಪಾಠದಲ್ಲಿ ದುಂಬಿಗಳಲ್ಲಿದೆ, ಇನ್ನೊಂದರಲ್ಲಿ ದೀಪಗಳಲ್ಲಿ. ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದಲ್ಲಿ ಪೆಟ್ಟಿಗೆಯೊಂದರಲ್ಲಿ ಆತ್ಮ ಬಚ್ಚಿಟ್ಟು ಚಿರಕಾಲ ಉಳಿಯುವ ಮಾಂತ್ರಿಕ ಪ್ರೇತ ಇವನ ದೂರದ ದಾಯಾದಿ. ಮೈಗೆ ಹೊಡೆದ ಆಯುಧ ಎಂಥದಾದರೇನು, ಜೀವ ಇರುವ ಜಾಗಕ್ಕೆ ಅದು ಮುಟ್ಟಬೇಕಲ್ಲ.

ಶಾಪದ ಆಯುಧಕ್ಕೆ ದ್ರೋಣಪರ್ವದ ಶ್ರುತಾಯುಧನಷ್ಟು ಶುದ್ಧ ಉದಾಹರಣೆ ಇಲ್ಲ. ವರುಣ ಕೊಟ್ಟ ಗದೆ ಅವನದು. ಯುದ್ಧ ಮಾಡದವನ ಮೇಲೆ ಎಸೆದರೆ ತಿರುಗಿ ಬಂದು ಎಸೆದವನನ್ನೇ ಕೊಲ್ಲುತ್ತದೆ ಎಂಬುದು ಷರತ್ತು. ಸಿಟ್ಟಿನ ಭರದಲ್ಲಿ ಅವನು ಎಸೆದದ್ದು ಸಾರಥಿಯಾಗಿ ಕೂತಿದ್ದ ಕೃಷ್ಣನ ಮೇಲೆ. ಮೂರನೇ ಆವೃತ್ತಿಯ ಪುಸ್ತಕದಲ್ಲಿ ಹಿಡಿದವನ ಬೆನ್ನಿಗೇ ತಿವಿಯುವ ಶಾಪದ ಭರ್ಜಿಯೊಂದಿದೆ, ಆದರೆ ಅದು ದಾಳದ ಲಹರಿಗೆ ತಿರುಗುತ್ತದೆ. ಶ್ರುತಾಯುಧನ ಗದೆ ತಿರುಗುವುದು ಮಾತು ತಪ್ಪಿದ್ದಕ್ಕೆ.

ಸಾಯದವನು, ಆಯುಧ, ಶಾಪ ಮೂರೂ ಒಂದೇ ಕಡೆ ಸೇರುವುದು ಅಶ್ವತ್ಥಾಮನಲ್ಲಿ. ಸೌಪ್ತಿಕಪರ್ವದ ಆ ಭಾಗವನ್ನು ಆಟಗಾರನ ಕಣ್ಣಿನಿಂದ ಓದಿದರೆ ಬೆರಗಾಗುತ್ತದೆ. ಹುಲ್ಲುಕಡ್ಡಿಗೆ ಬ್ರಹ್ಮಶಿರೋಸ್ತ್ರ ಆವಾಹಿಸಿ ಬಿಟ್ಟ. ಅರ್ಜುನನೂ ಬಿಟ್ಟ. ವ್ಯಾಸ ನಾರದರು ನಡುವೆ ಬಂದು ನಿಂತರು. ವ್ರತನಿಷ್ಠನಾದ ಅರ್ಜುನ ತನ್ನದನ್ನು ಹಿಂದಕ್ಕೆ ಕರೆದ. ನಿಷ್ಠೆಯಿಲ್ಲದವನು ಹಿಂದಕ್ಕೆ ಕರೆಯಹೋದರೆ ಅಸ್ತ್ರ ಅವನ ತಲೆಯನ್ನೇ ತರಿಯುತ್ತದೆ ಎಂಬುದು ಅದರ ನಿಯಮ. ಅಶ್ವತ್ಥಾಮನಿಗೆ ಅದು ಸಾಧ್ಯವಾಗದೆ ಪಾಂಡವ ಸ್ತ್ರೀಯರ ಗರ್ಭದ ಕಡೆ ತಿರುಗಿಸಿದ. ಮುಂದೆ ಬರುವುದು ಇನ್ನೂ ಸೂಕ್ಷ್ಮ. ಅವನ ತಲೆಯ ಮಣಿ ಇದ್ದವನಿಗೆ ಆಯುಧದ ಭಯವಿಲ್ಲ, ರೋಗವಿಲ್ಲ, ಹಸಿವಿಲ್ಲ. ಥೇಟ್ ಸತ್ತೂ ಸಾಯದವರ ಲಕ್ಷಣದ ಪಟ್ಟಿಯೇ! ಆ ಮಣಿಯನ್ನು ಅವನು ಒಪ್ಪಿಸಬೇಕಾಗುತ್ತದೆ, ಜತೆಗೆ ಮೂರು ಸಾವಿರ ವರ್ಷ ರಕ್ತ ಕೀವು ನಾರುತ್ತ ಒಂಟಿಯಾಗಿ ಅಲೆ ಎಂಬ ಶಾಪವೂ ಬೀಳುತ್ತದೆ. ರಕ್ಷೆ ಹೋಯಿತು, ಸಾವು ಮಾತ್ರ ಬರಲಿಲ್ಲ.

ತಾಳಮದ್ದಲೆಯಲ್ಲಿ ಒಳ್ಳೆಯ ಅರ್ಥಧಾರಿಗೆ ಇಲ್ಲಿ ಹಬ್ಬ. ‘ಸಾವೇ ಇಲ್ಲದವನಿಗೆ ನಿನ್ನ ಶಾಪ ಏನು ಮಾಡೀತು ಕೃಷ್ಣ?’ ಎಂದು ಅಶ್ವತ್ಥಾಮ ಕೇಳಬಹುದು. ‘ಸಾಯುವವನಿಗೆ ಶಾಪ ಸಾಯುವ ತನಕ. ನಿನಗೆ ಆ ಬಿಡುಗಡೆಯೂ ಇಲ್ಲವಲ್ಲ, ಆಚಾರ್ಯಪುತ್ರ’ ಎಂದು ಕೃಷ್ಣ ಹೇಳಬಹುದು. ಅಲ್ಲಿಗೆ ಐದನೇ ಆವೃತ್ತಿಯ ನಂಟಿನ ನಿಯಮ ತಲೆಕೆಳಗಾಯಿತು. ಸಾವು ಶಾಪವನ್ನು ಮುಗಿಸುವುದಾದರೆ, ಸಾವಿಲ್ಲದವನೇ ಶಾಪಕ್ಕೆ ಎಲ್ಲರಿಗಿಂತ ಹೆಚ್ಚು ಸಿಕ್ಕಿಬಿದ್ದವನು.

ಪುರಾಣದಿಂದ ನೆಲಕ್ಕಿಳಿದರೆ ಭೂತಾರಾಧನೆ. ಘಟ್ಟದ ಕೆಳಗಿನಿಂದ ಅಡಿಕೆ, ಕಾಫಿ ತೋಟದ ಕೆಲಸಕ್ಕೆ ಬಂದವರ ಜತೆ ಅವರ ದೈವಗಳೂ ಘಟ್ಟ ಹತ್ತಿವೆ. ಪಂಜುರ್ಲಿ, ಗುಳಿಗ, ಕಲ್ಕುಡ ಇಲ್ಲಿನ ಚೌಡಿ, ಜಟಿಗರ ಮಗ್ಗುಲಲ್ಲಿ ನೆಲೆಯಾಗಿವೆ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’, ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೆ ಭೂತವೆಂಬುದು ಮಲೆನಾಡಿನ ಮನೆಯ ಲೆಕ್ಕಾಚಾರದಲ್ಲಿ ಎಷ್ಟು ಸಹಜವಾಗಿ ಬೆರೆತಿತ್ತು ಎಂಬುದು ಗೊತ್ತು. ಎಲ್ಲ ಭೂತಗಳೂ ಸತ್ತ ಮನುಷ್ಯರಲ್ಲ. ಪಂಜುರ್ಲಿ ಹಂದಿಯ ರೂಪದ್ದು, ಅದರ ಹುಟ್ಟಿನ ಕಥೆಯೇ ಬೇರೆ. ಸತ್ತು ದೈವವಾದವರ ಸಾಲಿನಲ್ಲಿ ಎದ್ದು ಕಾಣುವವರು ಕಲ್ಕುಡ ಮತ್ತು ಕೋಟಿ ಚೆನ್ನಯರು.

ಕಾರ್ಕಳದಲ್ಲಿ 1432ರಲ್ಲಿ ಬಾಹುಬಲಿ ನಿಂತಿತು. ನಿಲ್ಲಿಸಿದ ಭೈರರಸರ ಆಳ್ವಿಕೆ ಕಳಸದ ತನಕ, ಎಂದರೆ ನಮ್ಮ ಚಿಕ್ಕಮಗಳೂರು ಜಿಲ್ಲೆಯೊಳಕ್ಕೂ ಹಬ್ಬಿತ್ತು. ಇಂಥದು ಇನ್ನೆಲ್ಲೂ ಆಗಬಾರದೆಂದು ಅರಸ ಶಿಲ್ಪಿ ಕಲ್ಕುಡನ ಕೈಕಾಲು ಕಡಿಸಿದ ಎಂದು ಪಾಡ್ದನ ಹೇಳುತ್ತದೆ. ಅವನು, ತಂಗಿ ಕಲ್ಲುರ್ಟಿ ಇಬ್ಬರೂ ಮಾಯಕವಾಗಿ ಭೂತಗಳಾಗಿ ಕಾರ್ಕಳಕ್ಕೆ ಬೆಂಕಿಯಿಟ್ಟರು. ನಿಯಮಪುಸ್ತಕದ ಸತ್ತವನಿಗೆ ಮೈಯ ನೋವಿನಿಂದ ಬಿಡುಗಡೆಯಿದೆ. ಕಲ್ಕುಡನಿಗೆ ಆ ನೋವೇ ಅಧಿಕಾರಪತ್ರ. ಯಾವ ಅಲಗು ಅವನನ್ನು ಕಡಿಯಿತೋ ಆ ಅನ್ಯಾಯವೇ ಅವನ ಶಕ್ತಿಯ ಮೂಲ.

ಕೋಟಿ ಚೆನ್ನಯರ ಸುರಿಯ ಎಂಬ ಕಿರುಗತ್ತಿ ಇನ್ನೂ ಸ್ವಾರಸ್ಯದ್ದು. ಎಣ್ಮೂರಿನಲ್ಲಿ ಮಡಿದ ಈ ಅವಳಿ ವೀರರಿಗೆ ಗರೋಡಿಗಳಲ್ಲಿ ಆರಾಧನೆ. ದರ್ಶನದ ಹೊತ್ತಿಗೆ ಪಾತ್ರಿಯ ಕೈಗೆ ಬರುವುದು ಆ ಸುರಿಯವೇ. ಉಳಿದ ದಿನಗಳಲ್ಲಿ ಕಂಡಕಂಡವರು ಅದನ್ನು ಮುಟ್ಟುವಂತಿಲ್ಲ, ಮುಟ್ಟುವವರಿಗೆ ಹಕ್ಕೂ ಬೇಕು, ಶುದ್ಧವೂ ಬೇಕು. ಸತ್ತ ವೀರನಿಗೂ ಅವನ ಆಯುಧಕ್ಕೂ ಇದ್ದ ನಂಟು ಸಾವಿನಲ್ಲಿ ಕಡಿಯಲಿಲ್ಲ, ಅಲ್ಲಿಂದಲೇ ಗಟ್ಟಿಯಾಯಿತು. ಬದುಕಿದವನೊಬ್ಬ ಅದನ್ನು ಹಿಡಿದಾಗ ಅದುರುವ ಮೈ ಯಾರದು, ಆಡುವ ಮಾತು ಯಾರದು ಎಂಬ ಪ್ರಶ್ನೆಗೆ ಊರು ಕೈಮುಗಿದು ಉತ್ತರ ಕೊಡುತ್ತದೆ. ಹಕ್ಕಿಲ್ಲದವನಿಗೆ ಮಾತ್ರ ಅದು ಕೇಡಿನ ಆಯುಧ. ಒಂದೇ ಕತ್ತಿ ವರವಾಗುವುದೂ ಶಾಪವಾಗುವುದೂ ಹಿಡಿಯುವ ಕೈಯ ಮೇಲೆ. 1974ರ ಮೊದಲ ಪುಸ್ತಿಕೆಗಳಲ್ಲೂ ಬುದ್ಧಿಯಿರುವ ಖಡ್ಗಗಳಿದ್ದವು, ತಮ್ಮ ಪಕ್ಷದವನಲ್ಲದವನು ಎತ್ತಿಕೊಂಡರೆ ಅವನಿಗೆ ಪೆಟ್ಟು ಕೊಡುತ್ತಿದ್ದವು. ಆಟ ಕಟ್ಟಿದವರ ಹೊಳಹು ಸರಿಯಾಗಿಯೇ ಇತ್ತು, ಆಮೇಲೆ ಬಂದ ಪಟ್ಟಿಗಳಲ್ಲಿ ಅದು ಮುಸುಕಾಯಿತು.

ಬಾಣಂತಿಯ ತಲೆದಿಂಬಿನ ಕೆಳಗೆ ಕಬ್ಬಿಣದ ಚೂರಿ ಇಡುವುದು, ಮರಕ್ಕೆ ಮೊಳೆ ಹೊಡೆದು ದೆವ್ವ ಕಟ್ಟುವುದು ಇವೆಲ್ಲ ಬೇರೆ ಬಗೆಯವು. ಇಲ್ಲಿ ಆಯುಧಕ್ಕೆ ಹೆಸರಿಲ್ಲ, ಲೋಹಕ್ಕಷ್ಟೇ ಬೆಲೆ. ಯುರೋಪಿನ ಕಥೆಗಳಲ್ಲಿ ಬೆಳ್ಳಿ ಮಾಡುವ ಕೆಲಸವನ್ನು ಇಲ್ಲಿ ಕಬ್ಬಿಣ ಮಾಡುತ್ತದೆ. ಶೃಂಗೇರಿಯ ನಾಲ್ಕು ದಿಕ್ಕಿಗೆ ಕಾಲಭೈರವ, ದುರ್ಗೆ, ಆಂಜನೇಯ, ಕಾಳಿ ಕಾವಲಿರುವುದನ್ನು ದಿಗ್ಬಂಧನದ ದೊಡ್ಡ ರೂಪ ಎನ್ನಬಹುದು. ಊರಿಗೆ ಊರೇ ರಕ್ಷೆಯೊಳಗಿದೆ.

ಈ ಭಾಗದ ಅತ್ಯಂತ ವ್ಯವಸ್ಥಿತ ನಿಯಮಪುಸ್ತಕದ ನಂಟು ಇರುವುದು ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ. ಅಲ್ಲಿನ ಬಸದಿಯ ಜ್ವಾಲಾಮಾಲಿನಿ ಎಂಟನೆಯ ತೀರ್ಥಂಕರ ಚಂದ್ರಪ್ರಭನ ಯಕ್ಷಿ. ಕೋಣನ ಮೇಲೆ ಕೂತ, ಎಂಟು ಕೈಗಳಲ್ಲಿ ಬಿಲ್ಲು, ಬಾಣ, ಪಾಶ, ತ್ರಿಶೂಲಾದಿಗಳನ್ನು ಹಿಡಿದ ದೇವಿ. ಅವಳ ಹೆಸರಿನ ‘ಜ್ವಾಲಾಮಾಲಿನೀ ಕಲ್ಪ’ವನ್ನು ಇಂದ್ರನಂದಿ ಮುನಿ ರಾಷ್ಟ್ರಕೂಟರ ಮಾನ್ಯಖೇಟದಲ್ಲಿ ಶಕ 861ರಲ್ಲಿ, ಎಂದರೆ ಕ್ರಿ.ಶ. 939ರಲ್ಲಿ ಮುಗಿಸಿದ. ಹೇಲಾಚಾರ್ಯನ ಶಿಷ್ಯೆ ಕಮಲಶ್ರೀಯನ್ನು ಬ್ರಹ್ಮರಾಕ್ಷಸ ಹಿಡಿದದ್ದು, ಗುರು ನೀಲಗಿರಿಯ ಮೇಲೆ ಜ್ವಾಲಾಮಾಲಿನಿಯನ್ನು ಒಲಿಸಿಕೊಂಡು ಬಿಡಿಸಿದ್ದು ಅದರ ಹಿನ್ನೆಲೆಯ ಕಥೆ. ಹತ್ತು ಅಧಿಕಾರಗಳ ಈ ಗ್ರಂಥ ಆರಂಭವಾಗುವುದೇ ಮಂತ್ರವಾದಿಗೆ ಯಾವ ಅರ್ಹತೆ ಬೇಕು ಎಂಬಲ್ಲಿಂದ. ಆಮೇಲೆ ಮೈಹಿಡಿಯುವ ಗ್ರಹಗಳ ಲಕ್ಷಣ, ಅದಾದ ಮೇಲಷ್ಟೇ ಮುದ್ರೆ, ಮಂಡಲ, ತೈಲ, ಯಂತ್ರ. ಕ್ರಮ ಗಮನಿಸಿ: ಮೊದಲು ಕೈ, ಆಮೇಲೆ ಶತ್ರು, ಕೊನೆಗೆ ಸಲಕರಣೆ. ಆಟದ ಪುಸ್ತಕಗಳು ಸಲಕರಣೆಯಿಂದ ಹೊರಟು ಎಡವುತ್ತವೆ. ಚರಕಸಂಹಿತೆಯೂ ಉನ್ಮಾದದ ಪ್ರಕರಣದಲ್ಲಿ ಹಿಡಿದದ್ದು ಹಿಂಸೆಗೋ, ರತಿಗೋ, ಪೂಜೆಗೋ ಎಂದು ಉದ್ದೇಶವನ್ನೇ ಮೊದಲು ಕೇಳುತ್ತದೆ. ಸತ್ತವನಿಗೆ ಏನು ತಟ್ಟದು ಎಂಬುದಕ್ಕಿಂತ ಅವನಿಗೆ ಏನು ಬೇಕು ಎಂಬುದೇ ಇವರಿಗೆ ಮುಖ್ಯ.

ಹಾಗಾದರೆ ಮೇಜಿನ ಮೇಲೆ ತೀರ್ಪು ಏನು? ಶಾಪ ಎಲ್ಲಿ ಕಚ್ಚಿದೆ ಎಂದು ನೋಡಿ. ಮೈಗೆ ಕಚ್ಚುವ ಶಾಪ, ಅಂದರೆ ಕೊಳೆಸುವುದು, ವಿಷವೇರಿಸುವುದು, ರಕ್ತ ಹೀರುವುದು, ಸತ್ತವನಿಗೆ ತಟ್ಟದು. ಇದರಲ್ಲಿ ಪುಸ್ತಕ ಸರಿ. ಬುದ್ಧಿಗೆ ಕಚ್ಚುವುದು ಬುದ್ಧಿಯಿಲ್ಲದ ಅಸ್ಥಿಪಂಜರಕ್ಕೆ ತಟ್ಟದು. ಬುದ್ಧಿಯುಳ್ಳ ಪಿಶಾಚಿಗೆ ಮೂರನೇ ಆವೃತ್ತಿಯಲ್ಲಿ ತಟ್ಟದು, ಐದನೆಯದರಲ್ಲಿ ಅವನ ಹೆಸರಿನಡಿ ಬರೆದಿದ್ದನ್ನು ಓದಿ ನಿರ್ಧರಿಸಬೇಕು. ಆಯುಸ್ಸಿಗೆ ಕಚ್ಚುವುದಾದರೆ ಬ್ಲ್ಯಾಕ್‌ರೇಜರ್‌ನ ಹಾಗೆ ತಿರುಗಿಬೀಳಲಿ. ಆದರೆ ಮಾತಿಗೆ, ಹಕ್ಕಿಗೆ, ಋಣಕ್ಕೆ ಕಚ್ಚಿದ ಶಾಪ ಸತ್ತವನಿಗೆ ಬದುಕಿದವನಿಗಿಂತ ಇಮ್ಮಡಿ ತಟ್ಟಬೇಕು. ಅವನು ಎದ್ದು ತಿರುಗುತ್ತಿರುವುದೇ ತೀರದ ಯಾವುದೋ ಬಾಕಿಯಿಂದ. ಸಾವಿನೊಂದಿಗೆ ನಂಟು ಮುರಿಯುತ್ತದೆ ಎಂಬ ನಿಯಮವನ್ನು, ಸತ್ತವನು ಮತ್ತೆ ಎದ್ದ ಸಂದರ್ಭದಲ್ಲಾದರೂ, ಮೇಜಿನವರೆಲ್ಲ ಒಪ್ಪಿ ಕೈಬಿಡುವುದು ಒಳ್ಳೆಯದು.

ಮಲೆನಾಡಿನಿಂದ ಬೆಂಗಳೂರಿಗೋ ಹೊರದೇಶಕ್ಕೋ ಹೋಗಿ ಈ ಆಟಕ್ಕೆ ಕೂರುವ ಹುಡುಗ ಹುಡುಗಿಯರಲ್ಲಿ ಒಂದು ಮಾತು. ನಿಮ್ಮ ಆಟಕ್ಕೆ ಅಶ್ವತ್ಥಾಮನನ್ನು, ಮೈರಾವಣನನ್ನು, ಶ್ರುತಾಯುಧನ ಗದೆಯನ್ನು ಧಾರಾಳವಾಗಿ ತನ್ನಿ. ತಾಳಮದ್ದಲೆಯಲ್ಲಿ ಶತಮಾನಗಳಿಂದ ಮಾತಿಗೆ ಒಡ್ಡಿಕೊಂಡವರು ಅವರು, ದಾಳಕ್ಕೂ ಜಗ್ಗುವುದಿಲ್ಲ. ಆದರೆ ಪಂಜುರ್ಲಿಯನ್ನೋ ಕಲ್ಕುಡನನ್ನೋ ಹೊಡೆದು ಅಂಕ ಗಳಿಸುವ ರಾಕ್ಷಸರ ಪಟ್ಟಿಗೆ ಸೇರಿಸಬೇಡಿ. ಅವರಿಗೆ ಈ ವರ್ಷವೂ ನಿಮ್ಮ ಮನೆಯವರು ಕಾಯಿ ಒಡೆದಿರುತ್ತಾರೆ.